ಬಿಂದು ಓಡಿತು, ಕೋನ ಅಲ್ಲೇ ನಿಂತಿತ್ತು

12 ಡಿಸೆಂಬರ್ 2023, ಮಂಗಳವಾರ

ಎರಡನೇ ಪೀರಿಯಡ್. ಒಂಬತ್ತನೇ ತರಗತಿ, ವೃತ್ತಗಳು.

ಒಂದೇ ವೃತ್ತಖಂಡದ, ಅಂದರೆ ಜ್ಯಾ ಅನ್ನುವ ಗೆರೆ ವೃತ್ತವನ್ನು ಕತ್ತರಿಸಿದಾಗ ಆಗುವ ಒಂದೇ ಭಾಗದ, ಕೋನಗಳು ಸಮ. ಈ ಪ್ರಮೇಯವನ್ನು ಹದಿನಾಲ್ಕು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಾ ಬಂದಿದ್ದೇನೆ. ಮಿಸ್ ಹೇಳಿದರು ಅಂತ ಮಕ್ಕಳು ಒಪ್ಪಿಕೊಳ್ಳುತ್ತಾರೆ, ಅಷ್ಟೇ. ಇವತ್ತು ಲ್ಯಾಬಿನಲ್ಲಿ ಜಿಯೋಜೀಬ್ರಾ ತೆರೆದೆ, ಕಂಪ್ಯೂಟರಿನಲ್ಲಿ ಆಕೃತಿ ಬರೆದು ಎಳೆದು ನೋಡುವ ತಂತ್ರಾಂಶ. ಒಂದು ವೃತ್ತ, ಒಂದು ಜ್ಯಾ, ಕಂಸದ ಮೇಲೊಂದು ಬಿಂದು. ಜ್ಯಾದ ಎರಡು ತುದಿಗಳನ್ನು ಆ ಬಿಂದುವಿಗೆ ಸೇರಿಸಿದಾಗ ಅಲ್ಲಿ ಆದ ಕೋನ 52 ಡಿಗ್ರಿ. ಯಾವಾಗಲೂ ಹಿಂದೆ ಕೂರುವ ಹುಡುಗಿಯನ್ನು ಕರೆದು ಮೌಸ್ ಕೊಟ್ಟೆ. ಅವಳು ಬಿಂದುವನ್ನು ಹಿಡಿದು ಎಳೆದಳು. ಬಿಂದು ಓಡಿತು, 52 ಹಾಗೇ ಇತ್ತು.

"ಮಿಸ್, ಅಲ್ಲಾಡ್ತಾನೇ ಇಲ್ಲ!"

ಇನ್ನೂ ಎಳೆದಳು. ಬಿಂದು ಜ್ಯಾ ದಾಟಿ ಆಚೆ ಬದಿಗೆ ಹೋಯಿತು. ತಟ್ಟನೆ 128. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಿಟಕಿ ಪಕ್ಕದ ಹುಡುಗ ಮೆಲ್ಲಗೆ, "ಎರಡೂ ಕೂಡಿದ್ರೆ 180 ಅಲ್ವಾ?" ಅಂದ. ಎದುರು ಕೋನಗಳು ಕೂಡಿದರೆ 180 ಅನ್ನುವ ಚಕ್ರೀಯ ಚತುರ್ಭುಜದ ಪಾಠ ಇನ್ನೂ ಶುರುವೇ ಆಗಿಲ್ಲ! ಅವನಿಗೆ ಅದು ಕಣ್ಣಿಗೆ ಕಂಡಿತ್ತು. ನನಗೆ ಗಂಟಲು ಕಟ್ಟಿತು.

ಆದರೆ ಹತ್ತು ಕಂಪ್ಯೂಟರ್‌ಗಳಲ್ಲಿ ನಡೆಯುತ್ತಿರುವುದು ನಾಲ್ಕು. ಯುಪಿಎಸ್ ಬ್ಯಾಟರಿ ಸತ್ತು ಒಂದೂವರೆ ವರ್ಷ ಆಯಿತು. ಕರೆಂಟ್ ಹೋದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ಎಷ್ಟು ಅರ್ಜಿ ಬರೆದೆನೋ ಲೆಕ್ಕ ಇಟ್ಟಿಲ್ಲ.

ರಾಜ್ಯದಲ್ಲಿ ಏನೂ ಆಗಿಲ್ಲ ಅಂತಲ್ಲ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ದೀಕ್ಷಾ ಅನ್ನುವ ಸರ್ಕಾರಿ ಪಾಠಗಳ ತಾಣ ತೆರೆಯುತ್ತದೆ. ಹೋದ ತಿಂಗಳು ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಘೋಷಣೆಯೂ ಆಯಿತು. ನನಗೆ ಎಲ್ಲಕ್ಕಿಂತ ಹತ್ತಿರದ್ದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ. ಅಲ್ಲಿ ನಮ್ಮಂಥ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕನ್ನಡದಲ್ಲಿ ಪಾಠ ಬರೆದು ಹಾಕಿದ್ದಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಬೇರೆ ಯಾರೋ ಮಾಡಿಕೊಟ್ಟ ವಿಡಿಯೋಗಿಂತ ಇದು ನನಗೆ ಜಾಸ್ತಿ ಕೆಲಸಕ್ಕೆ ಬಂದಿದೆ. ನಮ್ಮೂರಿನ ಮಕ್ಕಳಿಗೆ ತಕ್ಕ ಹಾಗೆ ಲೆಕ್ಕವನ್ನು ಬದಲಾಯಿಸಿಕೊಳ್ಳಬಹುದಲ್ಲ.

ಕ್ಯೂಆರ್ ಕೋಡ್ ಒಳ್ಳೆಯದೇ. ಆದರೆ ನನ್ನ ಮಕ್ಕಳ ಮನೆಯಲ್ಲಿ ಫೋನು ಅಪ್ಪನ ಜೇಬಿನಲ್ಲಿ ಗಾರೆ ಕೆಲಸಕ್ಕೆ ಹೋಗಿರುತ್ತದೆ, ಬರುವುದು ರಾತ್ರಿ. ಅದಕ್ಕೇ ನೆಟ್ ಇಲ್ಲದೆ ನಡೆಯುವ ಜಿಯೋಜೀಬ್ರಾ ನನಗೆ ಇಷ್ಟ. ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದರೆ ಸಾಕು.

ಕೇರಳದಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕಲಿಕೆ ತರುವ ಕೆಲಸ 2001ರಲ್ಲೇ ಶುರುವಾಯಿತು. ಈಗ ಅದಕ್ಕೆ ಕೈಟ್ ಅನ್ನುವ ಪ್ರತ್ಯೇಕ ಸಂಸ್ಥೆಯೇ ಇದೆ. ಶಾಲೆಗಳಲ್ಲಿ ನಡೆಯುವುದು ಮುಕ್ತ ತಂತ್ರಾಂಶ, ಯಾರು ಬೇಕಾದರೂ ಬಳಸಿ ತಿದ್ದಬಹುದಾದದ್ದು. 2018ರಲ್ಲಿ ಲಿಟಲ್ ಕೈಟ್ಸ್ ಅಂತ ಮಕ್ಕಳ ಕ್ಲಬ್‌ಗಳನ್ನೂ ಕಟ್ಟಿದರು, ಹೈಸ್ಕೂಲಿನ ಮಕ್ಕಳೇ ಕಂಪ್ಯೂಟರ್ ಕೆಲಸ ಕಲಿತು ಶಾಲೆಗೆ ನೆರವಾಗಲಿ ಅಂತ. ನಮಗೂ ಬೇಕಾಗಿರುವುದು ಅದೇ. ಯಂತ್ರ ಬಂದ ಮೇಲೂ ಅದರ ಜೊತೆ ನಿಲ್ಲುವ ಜನ ಬೇಕು. ಬ್ಯಾಟರಿಗೆ ಪ್ರತಿ ವರ್ಷ ಒಂದಿಷ್ಟು ದುಡ್ಡು ಬೇಕು. ತಾಲ್ಲೂಕಿಗೆ ಒಬ್ಬರಾದರೂ ರಿಪೇರಿ ಗೊತ್ತಿರುವವರು ಬೇಕು.

ಸಂಜೆ ಮೌಸ್ ಹಿಡಿದಿದ್ದ ಹುಡುಗಿ ಬಂದು, "ಮಿಸ್, ನಾಳೆ ಕಂಪ್ಯೂಟರ್ ನಾನೇ ಆನ್ ಮಾಡ್ಲಾ?" ಅಂತ ಕೇಳಿದಳು. ಅವಳಿಗೂ ಅವಳ ಗೆಳತಿಗೂ ಒಂಬತ್ತೂವರೆಗೆ ಬರಲು ಹೇಳಿದ್ದೇನೆ. ಲ್ಯಾಬಿನ ಬೀಗದ ಕೈ ಬ್ಯಾಗಿನಲ್ಲೇ ಇಟ್ಟುಕೊಂಡು ಮನೆಗೆ ಬಂದೆ.