ಮುಖಕ್ಕೆ ಏನೂ ಹಚ್ಚುವುದಿಲ್ಲವೇ?

ಹಚ್ಚುತ್ತೇನೆ. ಇಪ್ಪತ್ತು ವರ್ಷಗಳಿಂದ ಹಚ್ಚುತ್ತಲೇ ಇದ್ದೇನೆ.

ನಾನು ಮಡಿಕೇರಿಯಲ್ಲಿ ಕೌಂಟರಿನ ಹಿಂದೆ ಕೂತು ದುಡಿಯುವವಳು. ಸರದಿಯಲ್ಲಿ ನಿಂತವರಿಗೆ ನೋಡಲು ಗೋಡೆಯ ಕ್ಯಾಲೆಂಡರ್ ಬಿಟ್ಟರೆ ನನ್ನ ಮುಖವೇ ಗತಿ, ಒಪ್ಪುತ್ತೇನೆ. ಆದರೆ ಪಾಸ್‌ಬುಕ್ ಮುಂದಕ್ಕೆ ತಳ್ಳುತ್ತಾ, ದನಿ ತಗ್ಗಿಸಿ, "ತಪ್ಪು ತಿಳಿಯಬೇಡಿ ಮೇಡಂ, ಮುಖಕ್ಕೆ ಏನೂ ಹಚ್ಚುವುದಿಲ್ಲವೇ?" ಎಂದರೆ ತಪ್ಪು ತಿಳಿಯದೆ ಇನ್ನೇನು ತಿಳಿಯಲಿ? ಆ "ಏನೂ" ಎಂಬ ಎರಡಕ್ಷರವೇ ನನ್ನನ್ನು ಕೆರಳಿಸುವುದು. ಮೂವತ್ತಾರರ ಹೆಂಗಸೊಬ್ಬಳು ಮನೆಯಲ್ಲಿ ಕೋಳಿ ಸಾಕಿದ ಹಾಗೆ ಮುಖದಲ್ಲಿ ಮೊಡವೆ ಸಾಕಿಕೊಂಡಿದ್ದಾಳೆ ಎಂಬಂತೆ.

ಲೆಕ್ಕ ಬೇಕಿದ್ದರೆ ತೆಗೆದುಕೊಳ್ಳಿ. ಕಡಲೆಹಿಟ್ಟು, ಮೊಸರು, ಕಸ್ತೂರಿ ಅರಿಶಿನ, ಬೇವು, ಲೋಳೆಸರ, ತೇದ ಗಂಧ, ಜೇನು, ಟೂತ್‌ಪೇಸ್ಟ್, ಸಕ್ಕರೆ ಬೆರೆಸಿದ ಕಾಫಿಪುಡಿ. ಒಂದು ವರ್ಷ ಆಗಸ್ಟ್ 3ಕ್ಕೆ, ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಪಾಯಸಕ್ಕೆಂದು ಕುದಿಸಿದ ಮದ್ದು ಸೊಪ್ಪಿನ ನೇರಳೆ ರಸವನ್ನೂ ಬಳಿದುಕೊಂಡಿದ್ದೆ. ಹದಿನೆಂಟು ಬಗೆಯ ಮದ್ದು ಅದರಲ್ಲಿ ಸೇರಿರುತ್ತದೆ ಎನ್ನುತ್ತಾರೆ, ಹತ್ತೊಂಬತ್ತನೆಯದು ಮೊಡವೆಯದಿರಬೇಕು.

ಇವೆಲ್ಲಕ್ಕೂ ಕಿರೀಟವಿಟ್ಟದ್ದು ಕಾಚಂಪುಳಿ, ಹಂದಿ ಮಾಂಸದ ಅಡುಗೆಗೆ ನಾವು ಹಾಕುವ ಹುಳಿ. ನನ್ನ ದೊಡ್ಡಪ್ಪನ ಮಗನ ಮದುವೆಗೆ ಎರಡು ದಿನವಿತ್ತು. ಅಡುಗೆಮನೆಯಲ್ಲಿ ಹಂದಿ ಮಾಂಸ ಬೇಯುತ್ತಿತ್ತು, ಚಿಕ್ಕಮ್ಮ ಸೌಟು ಹಿಡಿದು ನಿಂತಿದ್ದರು. ನನ್ನ ಗಲ್ಲ ನೋಡಿದರು, ಬಾಟಲಿ ನೋಡಿದರು. "ಹಂದಿಯ ಕೊಬ್ಬನ್ನೇ ಬಗ್ಗಿಸುವ ಹುಳಿ, ನಿನ್ನ ಮುಖದ ಕೊಬ್ಬು ಯಾವ ಲೆಕ್ಕ?" ಅಂದರು. ತರ್ಕ ನನಗೂ ಸರಿಯೆನಿಸಿತು, ಅದೇ ನಾಚಿಕೆಗೇಡು. ಹಣ್ಣಿನ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿದ ಆ ಹುಳಿಯನ್ನು ಹತ್ತಿಯಲ್ಲಿ ಅದ್ದಿ ಒತ್ತಿಕೊಂಡೆ. ಐದು ನಿಮಿಷ ತಡೆದೆ. ಮದುವೆಯ ಫೋಟೋಗಳಲ್ಲಿ ನನ್ನ ಎಡಗಲ್ಲ ಒಂದರಲ್ಲೂ ಇಲ್ಲ. ಎಲ್ಲದರಲ್ಲೂ ಸೆರಗು ಅಡ್ಡ ಬಂದಿದೆ. ಚಿಕ್ಕಮ್ಮ ಈಗಲೂ ನೀರು ಬೆರೆಸದ್ದು ನನ್ನ ತಪ್ಪು ಎನ್ನುತ್ತಾರೆ.

ನಿಂಬೆರಸದ ಕತೆಯೂ ಇದೇ. ಚರ್ಮದ ಪಿಎಚ್ 5ರ ಆಸುಪಾಸು, ನಿಂಬೆಯದು 2ರ ಆಸುಪಾಸು. ಒಂದೊಂದು ಅಂಕಿ ಇಳಿದಾಗಲೂ ಆಮ್ಲತೆ ಹತ್ತು ಪಟ್ಟು ಏರುತ್ತದೆ, ಅಂದರೆ ಸಾವಿರ ಪಟ್ಟು ಹುಳಿಯನ್ನು ಕೆನ್ನೆಗೆ ಉಜ್ಜಿದಂತೆ. ನಿಂಬೆ ಹಚ್ಚಿದ ಮುಖಕ್ಕೆ ಬಿಸಿಲು ತಾಗಿದರೆ ಸುಟ್ಟ ಕಲೆಯೂ ಏಳಬಹುದು.

ಇನ್ನು ಮೂಗಿನ ಮೇಲಿನ ಕಪ್ಪು ಚುಕ್ಕೆಗಳನ್ನು ಕಂಡವರು "ಸರಿಯಾಗಿ ಮುಖ ತೊಳೆಯಮ್ಮ" ಎನ್ನುತ್ತಾರೆ. ಅದು ಕೊಳೆಯಲ್ಲ. ರೋಮದ ರಂಧ್ರದಲ್ಲಿ ಚರ್ಮದ ಎಣ್ಣೆಯೂ ಉದುರಬೇಕಾದ ಸತ್ತ ಕೋಶಗಳೂ ಸೇರಿ ಬಿರಡೆಯಾಗುತ್ತವೆ. ಬಾಯಿ ತೆರೆದ ರಂಧ್ರದಲ್ಲಿ ಗಾಳಿ ತಾಗಿ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಸೇರಿ, ಬಿರಡೆಯ ತುದಿ ಕಪ್ಪಾಗುತ್ತದೆ, ಅದೇ ಬ್ಲ್ಯಾಕ್‌ಹೆಡ್. ಬಾಯಿ ಮುಚ್ಚಿದ್ದರೆ ಬೆಳ್ಳಗಿನ ಗುಳ್ಳೆ. ಒಳಗೆ ಬ್ಯಾಕ್ಟೀರಿಯಾ ಹೆಚ್ಚಿ ಉರಿಯೂತವಾದರೆ ಕೆಂಪು ಮೊಡವೆ. ಇಂದು ಕಂಡ ಮೊಡವೆಯ ಬಿರಡೆ ವಾರಗಳ ಹಿಂದೆಯೇ ಕಟ್ಟಿಕೊಂಡಿರುತ್ತದೆ, ಹಾಗಾಗಿ ನಿನ್ನೆ ತಿಂದ ಪಂದಿ ಕರಿಯನ್ನು ಬೈಯಬೇಡಿ. ಕಾಫಿಪುಡಿ ಹಾಕಿ ತಿಕ್ಕಿದರೆ ಬಿರಡೆ ಬರುವುದಿಲ್ಲ, ಚರ್ಮ ಬರುತ್ತದೆ.

ಮನೆಮದ್ದೆಲ್ಲ ಸುಳ್ಳೇ ಎಂದು ಮುಖ ಸಿಂಡರಿಸಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ನೋವು ಇಳಿಸುತ್ತದೆ. ಲೋಳೆಸರ ತಂಪು. ಜೇನಿನಿಂದ ನನಗೆ ಕೇಡಾಗಲಿಲ್ಲ, ಒಳ್ಳೆಯದೂ ಕಾಣಲಿಲ್ಲ. ಅದನ್ನು ತಿನ್ನುವುದೇ ಲೇಸು. ಟೀ ಟ್ರೀ ಎಣ್ಣೆಯ ಶೇಕಡ 5ರ ಜೆಲ್ಲನ್ನು 1990ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊಡವೆಗೆ ಹಚ್ಚುವ ಔಷಧಿ ಬೆಂಜಾಯಿಲ್ ಪೆರಾಕ್ಸೈಡ್ ಜೊತೆ ಹೋಲಿಸಿ ನೋಡಿದ್ದರು: ಗುಣ ನಿಧಾನ, ಉರಿ ಕಡಿಮೆ. ನನಗೆ ಒಗ್ಗಿದ್ದು ಆ ಬೆಂಜಾಯಿಲ್ ಪೆರಾಕ್ಸೈಡೇ, ಶೇಕಡ 2.5ರದ್ದು. ದಿಂಬಿನ ಚೀಲಗಳೆಲ್ಲ ಬಣ್ಣ ಬಿಟ್ಟವು, ಮುಖ ಎರಡು ತಿಂಗಳ ಮೇಲೆ ಒಂದಿಷ್ಟು ತಿಳಿಯಾಯಿತು. ಪೂರ್ತಿ ಅಲ್ಲ. ಈ ವಯಸ್ಸಿನಲ್ಲಿ ದವಡೆಯ ಸಾಲಿನಲ್ಲಿ ಏಳುವುದಕ್ಕೆ ಹಾರ್ಮೋನುಗಳೂ ಕಾರಣ, ಅವಕ್ಕೆ ಕಡಲೆಹಿಟ್ಟಿನ ಗೊಡವೆಯೇ ಇಲ್ಲ. ಮುಟ್ಟು ಏರುಪೇರಾಗಿದ್ದರೆ ಮೊದಲು ವೈದ್ಯರನ್ನು ಕಾಣಿ.

ಸುಮ್ಮನೆ ಕೂಗಾಡುತ್ತಿದ್ದೇನೆ ಎನಿಸಬಹುದು. ನಿಜ ಹೇಳಬೇಕೆಂದರೆ, ಕೆಲವು ವರ್ಷಗಳ ಹಿಂದೆ ನನ್ನ ಮುಖ ಕನ್ನಡಿಯಂತಾಗಿತ್ತು. ಔಷಧಿ ಅಂಗಡಿಯೊಂದರಲ್ಲಿ ವೈದ್ಯರ ಚೀಟಿ ಕೇಳದೆ ಕೊಟ್ಟ ಒಂದು ಟ್ಯೂಬು. ಎರಡೇ ವಾರ. ಆಗಲೂ ಜನ ಕೇಳಿದರು, ಆದರೆ ದನಿ ಬೇರೆ: "ಮುಖಕ್ಕೆ ಏನು ಹಚ್ಚುತ್ತೀರಿ?" ನಾನು ಹಿಗ್ಗಿ ಹೇಳಿದೆ. ಚಿಕ್ಕಮ್ಮನಿಗೆ, ಅಕ್ಕನಿಗೆ, ಕೌಂಟರಿನ ಆಚೆ ನಿಂತವರಿಗೆ. "ಆ ಟ್ಯೂಬಿನೊಳಗೆ ಏನಿದೆ?" ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಇದ್ದದ್ದು ಸ್ಟಿರಾಯ್ಡ್. ಕೆಂಪು ಬೇಗ ಇಳಿಯುತ್ತದೆ, ಚರ್ಮ ತೆಳುವಾಗುತ್ತದೆ, ಬಿಟ್ಟೊಡನೆ ಮೊದಲಿಗಿಂತ ಹೆಚ್ಚಾಗಿ ಉಕ್ಕುತ್ತದೆ. ಅಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತ್ತು. ನನ್ನ ಮುಖ ಸರಿಹೋಗಲು ಒಂದು ವರ್ಷ ಹಿಡಿಯಿತು. ಟ್ಯೂಬು ಎಸೆದೆ. ಹೇಳಿದವರಿಗೆಲ್ಲ ಮತ್ತೆ ಹೋಗಿ "ಬೇಡ" ಎನ್ನಲಿಲ್ಲ.

ಕಳೆದ ಹುತ್ತರಿ ಹಬ್ಬಕ್ಕೆ ಅಕ್ಕನ ಮಗಳು ಬಂದಿದ್ದಳು, ಹದಿನಾರರವಳು. ಜೊತೆಗೆ ಕೂತು ಹುತ್ತರಿ ಗೆಣಸಿನ ಸಿಪ್ಪೆ ತೆಗೆಯುತ್ತಿದ್ದೆವು. ಕೆನ್ನೆಯಲ್ಲಿ ಸಣ್ಣ ಸಣ್ಣ ಕೆಂಪು ನರಗಳು ಎದ್ದು ಕಾಣುತ್ತಿದ್ದವು. ಇಪ್ಪತ್ತು ವರ್ಷ ನನ್ನನ್ನು ಕೆರಳಿಸಿದ ಪ್ರಶ್ನೆಯನ್ನು ನಾನೇ ಕೇಳಿದೆ. ಅವಳು ಚೀಲದಿಂದ ಅದೇ ಟ್ಯೂಬು ತೆಗೆದು ತೋರಿಸಿದಳು.

"ಇದನ್ನು ಯಾರು ಹೇಳಿದ್ದು?"

"ನೀವೇ ಅಮ್ಮನಿಗೆ ಹೇಳಿದ್ದಿರಂತಲ್ಲ, ಚಿಕ್ಕಮ್ಮ."

ಮರುದಿನವೇ ಅವಳನ್ನು ಚರ್ಮದ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅಕ್ಕ ಆ ಟ್ಯೂಬನ್ನು ಇನ್ನೂ ಮೂವರಿಗೆ ಹೇಳಿದ್ದಾಳೆ. ಇಬ್ಬರಿಗೆ ಫೋನ್ ಮಾಡಿ ತಿಳಿಸಿದೆ. ಮೂರನೆಯವರ ನಂಬರ್ ಬದಲಾಗಿದೆ.