ಮಾರಿಕುಪ್ಪಂವರೆಗೆ ಒಂದು ದಿನದ ರೈಲು

ಬೆಳಿಗ್ಗೆ ಬೆಂಗಳೂರಿನಿಂದ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬೇಕೆಂಬ ರೈಲು ಪ್ರವಾಸವನ್ನು ಗೊತ್ತುಮಾಡುವಾಗ ನಾನು ಮೊದಲು ನೋಡುವುದು ಹಿಂದಿರುಗುವ ಗಾಡಿಯನ್ನು. ಹೋಗುವುದಕ್ಕೆ ಬೆಳಿಗ್ಗೆ ಯಾವುದಾದರೊಂದು ಗಾಡಿ ಸಿಕ್ಕೇ ಸಿಗುತ್ತದೆ. ಸಂಜೆ ನಾಲ್ಕರ ಮೇಲೆ ಆ ಊರಿನಿಂದ ಹೊರಡುವ ಗಾಡಿ ಒಂದೇ ಇದ್ದು, ಅದೂ ತಡವಾದರೆ, ಅಲ್ಲಿಯವರೆಗಿನ ಸಂತೋಷವೆಲ್ಲ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕರಗಿಹೋಗುತ್ತದೆ. ಎರಡನೆಯದಾಗಿ ನೋಡುವುದು ನಿಲ್ದಾಣಕ್ಕೂ ನೋಡಬೇಕಾದ ಸ್ಥಳಕ್ಕೂ ಇರುವ ಅಂತರ. ರೈಲಿನಲ್ಲಿ ಉಳಿಸಿದ ದುಡ್ಡನ್ನೂ ಸಮಯವನ್ನೂ ಆಟೋಗೆ ಸುರಿಯುವುದಾದರೆ ರೈಲಿನಲ್ಲಿ ಹೋಗಿ ಬಂದ ಪ್ರಯೋಜನವೇನು?

ಈ ಲೆಕ್ಕದಲ್ಲಿ ಮೈಸೂರನ್ನು ಕೈಬಿಡುವುದು ನನಗೆ ಸುಲಭ. 139 ಕಿಲೋಮೀಟರ್ ದೂರ, ಬೇಕಾದಷ್ಟು ಗಾಡಿಗಳು, ಎಲ್ಲವೂ ಸರಿ. ಆದರೆ ಅರಮನೆ, ಬೆಟ್ಟ, ದೇವರಾಜ ಮಾರುಕಟ್ಟೆ ಎಂದು ಓಡಾಡಿ ಒಂದು ದಿನದಲ್ಲಿ ಮುಗಿಸುವ ಊರು ಅದಲ್ಲ. ಅದೇ ದಾರಿಯ ಶ್ರೀರಂಗಪಟ್ಟಣ ಇದಕ್ಕಿಂತ ಜಾಣತನದ ಆಯ್ಕೆ, ಏಕೆಂದರೆ ಅಲ್ಲಿ ಹಳಿಯೇ ಕೋಟೆಯನ್ನು ಹಾದುಹೋಗುತ್ತದೆ, ಇಳಿದವರು ರಂಗನಾಥನ ಗುಡಿಗೆ ನಡೆದೇ ಹೋಗಬಹುದು. ಜೋಡಿಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಮದ್ದಿನಮನೆಯೊಂದನ್ನು 2017ರಲ್ಲಿ ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದ್ದು ಇಲ್ಲಿಯೇ. ದೊಡ್ಡಬಳ್ಳಾಪುರ ದಾಟಿದ ಮೇಲೆ ಸಿಗುವ ಮಾಕಳಿದುರ್ಗ ಹತ್ತಬಲ್ಲವರಿಗೆ ಒಳ್ಳೆಯದು. ಆದರೆ ಈ ಸಲ ನನ್ನ ಜೊತೆಗಿದ್ದವರು ಸೋದರಮಾವ. "ನೋಡಪ್ಪಾ, ಕೂತು ನೋಡೋ ಊರಾದ್ರೆ ಬರ್ತೀನಿ, ಹತ್ತಿ ನೋಡೋದಾದ್ರೆ ನೀನೇ ಹೋಗಿ ಬಾ" ಎಂದು ಅವರು ಮೊದಲೇ ಹೇಳಿದ್ದರು. ಶ್ರೀರಂಗಪಟ್ಟಣವನ್ನು ಅವರು ನೋಡಿಯಾಗಿತ್ತು. ಹಾಗಾಗಿ ಮಾರಿಕುಪ್ಪಂ ಗಾಡಿ ಹಿಡಿದು ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ, ಎಲ್ಲರ ಬಾಯಲ್ಲಿ ಕೆಜಿಎಫ್ ಆಗಿರುವ ಊರಿಗೆ ಹೋಗುವುದೆಂದು ತೀರ್ಮಾನವಾಯಿತು.

ಈ ಮಾರ್ಗದಲ್ಲಿ ಬೆಳಗಿನ ಪ್ರವಾಸಿಗೆ ಒಂದು ಅನುಕೂಲವಿದೆ. ಕೆಜಿಎಫ್, ಬಂಗಾರಪೇಟೆ, ಮಾಲೂರುಗಳಿಂದ ದಿನವೂ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಬರುತ್ತಾರೆ. ಬೆಳಿಗ್ಗೆ ಜನಪ್ರವಾಹ ಊರಿನ ಕಡೆಗೆ, ಸಂಜೆ ಹೊರಕ್ಕೆ. ನಾವು ಎರಡು ಹೊತ್ತೂ ಅದರ ಎದುರು ದಿಕ್ಕಿನಲ್ಲಿದ್ದೆವು. ಕೃಷ್ಣರಾಜಪುರದಲ್ಲಿ ಎದುರಿನ ಪ್ಲಾಟ್‌ಫಾರ್ಮಿಗೆ ಬಂದು ನಿಂತ ಗಾಡಿಯ ಬಾಗಿಲುಗಳಲ್ಲಿ ಜನ ಒಬ್ಬರ ಭುಜಕ್ಕೊಬ್ಬರು ಒತ್ತಿಕೊಂಡು, ಊಟದ ಡಬ್ಬಿಯ ಚೀಲಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಮೆಮು ಎಂದು ಕರೆಯುವ ನಮ್ಮ ವಿದ್ಯುತ್ ಪ್ಯಾಸೆಂಜರ್ ಗಾಡಿಯಲ್ಲಿ ಮಾವ ಕಿಟಕಿಯ ಪಕ್ಕದ ಸೀಟನ್ನು ಎರಡು ಸಲ ಬದಲಾಯಿಸಿ, ಬಿಸಿಲು ಬೀಳದ ಕಡೆ ಕುಳಿತರು. ವೈಟ್‌ಫೀಲ್ಡ್ ದಾಟುವವರೆಗೆ ಹೊರಗೆ ನೋಡುವಂಥದ್ದು ಹೆಚ್ಚೇನಿಲ್ಲ. ಆಮೇಲೆ ನೀಲಗಿರಿ ತೋಪುಗಳು, ಮಾಲೂರಿನ ಇಟ್ಟಿಗೆ ಗೂಡುಗಳು, ಟೇಕಲ್ಲಿನ ಹತ್ತಿರ ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳ ಗುಡ್ಡಗಳು.

ಬಂಗಾರಪೇಟೆಯ ಹೆಸರಿಗೂ ಬಂಗಾರಕ್ಕೂ ಮೊದಲಿಗೆ ನಂಟಿರಲಿಲ್ಲ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗನ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆಯಾಗಿತ್ತು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲೇ ಬಂದ ಮುಖ್ಯ ಮಾರ್ಗದಿಂದ ಇಲ್ಲಿ ಕವಲೊಡೆದು ಗಣಿಗಳವರೆಗೆ ಹೋಗುವ 16 ಕಿಲೋಮೀಟರಿನ ಹಳಿಯನ್ನು ಹಾಕಿದ್ದು 1894ರಲ್ಲಿ. ಕಲ್ಲಿದ್ದಲು, ಮರ, ಯಂತ್ರ, ಮನುಷ್ಯರು, ಎಲ್ಲವೂ ಈ ಹಳಿಯ ಮೇಲೆಯೇ ಗಣಿಗೆ ಬರಬೇಕಾಗಿತ್ತು. ಊರಿಗೆ ನಂತರ ರೈಲು ಬಂದದ್ದಲ್ಲ, ಗಣಿಗೆಂದೇ ಬಂದ ರೈಲು ಇದು. ಆದ್ದರಿಂದಲೇ ನಿಲ್ದಾಣಗಳು ನೋಡಬೇಕಾದ ಜಾಗದಲ್ಲೇ ಇವೆ. ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ಗಾಡಿ ಹೆಜ್ಜೆಗೊಂದರಂತೆ ನಿಲ್ಲುತ್ತ ಹೋಗುತ್ತದೆ.

ಗಿಡವೇ ಸರಿಯಾಗಿ ಬೆಳೆಯದ ಬೂದುಬಣ್ಣದ ಚಪ್ಪಟೆ ಗುಡ್ಡಗಳು ಕಂಡಾಗ ಮಾವ ಎದ್ದು ನಿಂತರು. ಸೈನೈಡ್ ದಿಬ್ಬಗಳು ಎಂದು ಊರವರು ಕರೆಯುವ ಇವು ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು, 3 ಕೋಟಿ ಟನ್‌ಗೂ ಹೆಚ್ಚು. ಹತ್ತಿರದಿಂದ ನೋಡಿದರೆ ಮಳೆನೀರು ಮೇಲಿನಿಂದ ಕೆಳಗಿನವರೆಗೆ ಬೆರಳಗಲದ, ಮೊಳದಗಲದ ಸಾವಿರ ಕೊರಕಲುಗಳನ್ನು ಕೊರೆದಿದೆ. ಕೈಗೆ ತೆಗೆದುಕೊಂಡರೆ ಹಿಟ್ಟಿನಷ್ಟು ನುಣುಪು. ಜೋರು ಗಾಳಿಯ ದಿನಗಳಲ್ಲಿ ಈ ಪುಡಿ ಮನೆಯೊಳಗಿನ ಪಾತ್ರೆಗಳ ಮೇಲೂ ಕೂರುತ್ತದೆಂದು ಚಹಾದಂಗಡಿಯಾಕೆ ಹೇಳಿದರು. ಸಿನಿಮಾ ನೋಡಿ ಇಲ್ಲಿಗೆ ಬರುವವರು ಇದರೆದುರು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ, ಅದು ಊರಿಗೆ ಮಾಡುವ ಅನ್ಯಾಯವೆಂದೇ ನನ್ನ ಎಣಿಕೆ.

ಗಣಿಯೊಳಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಬೇಲಿಯಾಚೆ ನಿಂತ ಕಬ್ಬಿಣದ ಗೋಪುರಗಳನ್ನು ಹೊರಗಿನಿಂದ ನೋಡಿ ತೃಪ್ತಿಪಡಬೇಕು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದಂದಿನಿಂದ 2001ರ ಫೆಬ್ರವರಿ 28ರಂದು ಸರ್ಕಾರಿ ಕಂಪನಿಯಾದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕುವವರೆಗೆ ಇಲ್ಲಿಂದ ಮೇಲೆ ಬಂದ ಚಿನ್ನ 800 ಟನ್‌ಗೂ ಮಿಗಿಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆ ಗಣಿಯ ಆಳದಲ್ಲಿಯೇ 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ತಂತಿಯ ಮೇಲೆ ಹರಿದು ಬಂದದ್ದು ಈ ಗಣಿಗಳಿಗೇ, ಬೆಂಗಳೂರಿನ ಬೀದಿದೀಪಗಳಿಗೆ ಅದು ಸಿಕ್ಕಿದ್ದು 1905ರಲ್ಲಿ. ಈ ಮಾತು ಕೇಳಿ ಮಾವ, "ಹಾಗಾದ್ರೆ ನಾವೇ ಹಿಂದುಳಿದೋರು ಅನ್ನು" ಎಂದು ನಕ್ಕರು.

ಚಾಂಪಿಯನ್ ಕಡೆ ಕಾರ್ಮಿಕರ ಮನೆಗಳ ಸಾಲುಗಳಿವೆ. ಅವುಗಳಿಗೆ ಇಂದಿಗೂ ಲೈನ್ ಎಂದೇ ಹೆಸರು. ತಗ್ಗು ಚಾವಣಿ, ಒಂದಕ್ಕೊಂದು ಅಂಟಿಕೊಂಡ ಗೋಡೆ, ಮುಂದೆ ಒಂದು ತಟ್ಟಿಯ ಮರೆ. ಸ್ವಲ್ಪ ದೂರದಲ್ಲಿ ಬ್ರಿಟಿಷ್ ಅಧಿಕಾರಿಗಳ ಅಗಲ ಜಗಲಿಯ ಬಂಗಲೆಗಳೂ ಇವೆ, ಎರಡನ್ನೂ ಒಂದೇ ಮಧ್ಯಾಹ್ನ ನೋಡಿದವರಿಗೆ ಗಣಿಯ ಲೆಕ್ಕಪತ್ರ ಬೇರೆ ಬೇಕಿಲ್ಲ. ಲೈನಿನ ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾವನನ್ನು ಕೂರಿಸಿಕೊಂಡು, ತಮಿಳು ಬೆರೆತ ಕನ್ನಡದಲ್ಲಿ, ಆಳದಲ್ಲಿ ಬಂಡೆ ಸಿಡಿದಾಗ ಆಗುತ್ತಿದ್ದ ಕಂಪನದ ವಿಷಯ ಹೇಳಿದರು. "ಏರ್‌ಬ್ಲಾಸ್ಟ್ ಆದ್ರೆ ಗೋಡೆ ಮೇಲಿನ ಗಡಿಯಾರ ಕೆಳಗೆ ಬೀಳೋದು ಸಾರ್. ಹೆಂಗಸರು ಮಕ್ಕಳನ್ನ ಎತ್ಕೊಂಡು ಮೊದಲು ಗಣಿಗಿಳಿಯೋ ಶಾಫ್ಟ್ ಹತ್ರ ಓಡೋರು." ಅವರ ಮಗ ಈಗ ಬೆಳಗಿನ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಬರುತ್ತಾನಂತೆ. ಗಣಿಗೆ ಜನರನ್ನು ತಂದ ಹಳಿಯೇ ಗಣಿ ಮುಚ್ಚಿದ ಮೇಲೆ ಊರಿನ ಒಲೆ ಉರಿಸುತ್ತಿದೆ.

ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯ ಹತ್ತಿರ ಊಟ ಮುಗಿಸಿದೆವು. ಕೋಟಿಲಿಂಗೇಶ್ವರಕ್ಕೆ ಹೋಗಿ ಬರಲು ಸಮಯವಿತ್ತಾದರೂ ಮಾವನಿಗೆ ಬಿಸಿಲು ಬೇಡವಾಗಿತ್ತು. ಹಿಂದಿರುಗುವ ವಿಚಾರದಲ್ಲಿ ಈ ಮಾರ್ಗದ ನಿಜವಾದ ಭರವಸೆ ಬಂಗಾರಪೇಟೆ. ಕವಲು ಮಾರ್ಗದ ಗಾಡಿ ತಪ್ಪಿದರೂ ಬಸ್ಸಿನಲ್ಲೋ ಆಟೋದಲ್ಲೋ ಅಲ್ಲಿಗೆ ಬಂದುಬಿಟ್ಟರೆ ಚೆನ್ನೈ ಕಡೆಯಿಂದ ಬರುವ ಗಾಡಿಗಳು ಸಿಗುತ್ತವೆ. ಪ್ಯಾಸೆಂಜರ್ ಗಾಡಿಯ ಟಿಕೆಟ್ಟಿನಲ್ಲಿ ಎಕ್ಸ್‌ಪ್ರೆಸ್ ಹತ್ತುವಂತಿಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡು, ಕೌಂಟರಿನಲ್ಲಿ ಬೇರೆ ಟಿಕೆಟ್ ಪಡೆಯಬೇಕು. ನಾವು ಹಾಗೆ ಟಿಕೆಟ್ ಪಡೆದು, ಮಧ್ಯದ ಬಿಡುವಿನಲ್ಲಿ ಊರಿನ ಹೆಸರಾದ ಪಾನಿಪುರಿ ತಿಂದೆವು. ಇಲ್ಲಿಯ ಪಾನಿಗೆ ಹಸಿರು ಬಣ್ಣವೇ ಇಲ್ಲ. ಬಾವಿಯ ನೀರಿನಷ್ಟು ತಿಳಿ, ಬಾಯಿಗೆ ಬಿದ್ದ ಮೇಲಷ್ಟೇ ಖಾರ ಗೊತ್ತಾಗುವುದು. ಮಾವ ಎರಡನೆಯ ಪ್ಲೇಟಿಗೆ ಕೈಚಾಚುವಷ್ಟರಲ್ಲಿ ನಮ್ಮ ಗಾಡಿಯ ಘೋಷಣೆಯಾಯಿತು, ಅವರು ಅದನ್ನು ಮುಗಿಸಿಯೇ ಎದ್ದರು.