ಪುಸ್ತಕದ ಪಿಡಿಎಫ್ ವಾಟ್ಸಾಪ್ ಗ್ರೂಪಲ್ಲಿ ಹೋದ್ರೆ ನಿಮ್ಗೆ ಪ್ರಚಾರವೇ ಅಲ್ವಾ ಮಾಷ್ಟ್ರೇ?

ಅಲ್ಲ. ಉತ್ತರ ಮುಗೀತು, ಅರ್ಜೆಂಟ್ ಇರುವವ್ರು ಹೋಗ್ಬಹುದು.

ನನ್ನ ಕತೆಪುಸ್ತಕ ಬಂದ ಮೇಲೆ ಈ ಪ್ರಶ್ನೆ ಕೇಳದವ್ರಿಲ್ಲ. ಕದ್ದು ಓದಿದೆ ಅಂತ ಯಾರೂ ಹೇಳುದಿಲ್ಲ, "ಗ್ರೂಪಲ್ಲಿ ಬಂದಿತ್ತು" ಅಂತಾರೆ, ಅದೇ ನಡ್ಕೊಂಡು ಬಂದ ಹಾಗೆ.

ನಮ್ಮ ಕಾಸರಗೋಡಿನ ಬದಿಯಡ್ಕ ಹತ್ರ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವ್ರು ಎಡಗೈಯಲ್ಲಿ ಫೋನ್ ತೆಗ್ದು ತೋರಿಸಿದ್ರು, ನನ್ನದೇ ಪುಸ್ತಕ, ಪುಟದ ಮೂಲೆಯಲ್ಲಿ ಯಾರದ್ದೋ ಹೆಬ್ಬೆರಳು, ಎರಡನೇ ಪುಟದಲ್ಲಿ "ಪ್ರೀತಿಯಿಂದ" ಅಂತ ನನ್ನದೇ ಅಕ್ಷರ, ನನ್ನದೇ ಸಹಿ. ಅಂದ್ರೆ ನಾನು ಫ್ರೀ ಕೊಟ್ಟ ಪ್ರತಿ! ಯಾರಿಗೆ ಕೊಟ್ಟದ್ದು ಅನ್ನುವ ಹೆಸರನ್ನು ಮಾತ್ರ ನೀಟಾಗಿ ಅಳಿಸಿದ್ದಾರೆ, ಅಷ್ಟು ಬುದ್ಧಿ ಉಂಟು. ಇವ್ರು ಹೋಳಿಗೆ ಮುರೀತಾ "ಹೆಸರು ಬರ್ತದಲ್ಲ ಮಾಷ್ಟ್ರೇ, ಲಾಭವೇ" ಅಂದ್ರು. ಮುಂದಿನ ಪುಸ್ತಕದ ಪಿಡಿಎಫ್ ಯಾವಾಗ ಬರ್ತದೆ ಅಂತ ನನ್ನ ಹತ್ರವೇ ಕೇಳಿದ್ರು ಮಾರಾಯ್ರೆ. ಅಷ್ಟೊತ್ತಿಗೆ ಪಾಯಸ ಬಂತು, ಜಗಳ ತಪ್ಪಿತು.

ಲೆಕ್ಕ ಬೇಕಾ? ಕದ್ದು ನೋಡುದು, ಓದುದರಿಂದ ಮಾರಾಟಕ್ಕೆ ಪೆಟ್ಟು ಬೀಳ್ತದಾ ಅಂತ ಯುರೋಪ್ ಒಕ್ಕೂಟದ ಆಡಳಿತ, ಅಂದ್ರೆ ಯುರೋಪಿಯನ್ ಕಮಿಷನ್, ಮಾಡಿಸಿದ ದೊಡ್ಡ ಅಧ್ಯಯನ 2017ರಲ್ಲಿ ಹೊರಗೆ ಬಂತು. ಹೊಸ ಹಿಟ್ ಸಿನಿಮಾಗಳನ್ನು 10 ಸಲ ಕದ್ದು ನೋಡಿದ್ರೆ ನ್ಯಾಯವಾಗಿ ನೋಡುದು 4 ಸಲ ಕಡಿಮೆ ಆಗ್ತದಂತೆ, ಆದ್ರೆ ಪುಸ್ತಕದ ಮಾರಾಟ ಕಡಿಮೆ ಆಗ್ತದೆ ಅನ್ನುದಕ್ಕೆ ಗಟ್ಟಿ ಪುರಾವೆ ಸಿಗ್ಲಿಲ್ಲ. "ನೋಡಿ, ನಾನು ಹೇಳಿದ್ದೇ" ಅನ್ಬೇಡಿ. ಪುರಾವೆ ಸಿಗ್ಲಿಲ್ಲ ಅಂದ್ರೆ ನಷ್ಟವೇ ಇಲ್ಲ ಅಂತ ಅಲ್ಲ, ಮತ್ತೆ ಅದು ಜರ್ಮನಿ, ಫ್ರಾನ್ಸಿನಂಥ ಮಾರ್ಕೆಟಿನ ಕತೆ. ನನ್ನಂಥವನದ್ದು ಅಚ್ಚಾಗುದೇ 500 ಪ್ರತಿ. ಅದು ಕಟ್ಟು ಬಿಚ್ಚದೆ ಕೂತ್ರೆ ಪ್ರಕಾಶಕ್ರು ಮುಂದಿನದ್ದಕ್ಕೆ ಫೋನೇ ಎತ್ತುದಿಲ್ಲ, ಗ್ರೂಪಲ್ಲಿ ಎಷ್ಟು ಜನ ಓದಿ ಚಪ್ಪಾಳೆ ಹಾಕಿದ್ರು ಅಂತ ಅವ್ರ ಲೆಕ್ಕದ ಪುಸ್ತಕಕ್ಕೆ ಗೊತ್ತಾಗುದಿಲ್ಲ.

ಹಂಚದೆ ಕೈ ನಿಲ್ಲುದಿಲ್ಲ ಅಂತಾದ್ರೆ ನಮ್ಮ ಮಂಜೇಶ್ವರದ ಗೋವಿಂದ ಪೈಗಳನ್ನು ಹಂಚಿ. ಅವ್ರು ತೀರಿಕೊಂಡದ್ದು 1963ರಲ್ಲಿ, ಲೇಖಕ ಹೋದ ಮೇಲೆ 60 ವರ್ಷ ಕಾಪಿರೈಟ್ ಹಕ್ಕು ಅಂತ ನಮ್ಮ ಕಾನೂನು, ಹಾಗಾಗಿ ಅವ್ರು ಇದ್ದಾಗಲೇ ಅಚ್ಚಾದದ್ದೆಲ್ಲ 2024ರಿಂದ ಎಲ್ಲರ ಸೊತ್ತು. ನಂಗೆ ಇವತ್ತಿನವರೆಗೆ ಒಬ್ರೂ ಅದನ್ನು ಫಾರ್ವರ್ಡ್ ಮಾಡಿಲ್ಲ.

ಲಾಭವಾ ನಷ್ಟವಾ ಅಂತ ಕೇಳುವ ಬದಲು "ಪುಸ್ತಕ ಎಲ್ಲಿ ಸಿಗ್ತದೆ" ಅಂತ ಕೇಳ್ಬಾರ್ದಾ? ಆಗ ನಾನು ಸ್ವಲ್ಪ ತಡವರಿಸ್ತೇನೆ, ಯಾಕಂದ್ರೆ ನಮ್ಮ ಪೇಟೆಯ ಅಂಗಡಿಯಲ್ಲಿ ಕನ್ನಡ ಅಂದ್ರೆ ಪಂಚಾಂಗ ಮತ್ತೆ ಗೈಡು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯ್ತು, ಶಾಲೆಯಲ್ಲಿ ಕನ್ನಡ ಮೀಡಿಯಂ ಉಳೀತು, ಆದ್ರೆ ಆ ಮಕ್ಕಳಿಗೆ ಒಂದು ಕತೆಪುಸ್ತಕ ಬೇಕಾದ್ರೆ ಮಂಗಳೂರಿಗೆ ಬಸ್ ಹತ್ತಬೇಕು. ನಮ್ಮ ಶಾಲೆಯ ಹುಡುಗಿ ಅಮ್ಮನ ಫೋನಲ್ಲಿ ನನ್ನ ಕತೆ ಓದಿದ್ಲು ಅಂದ್ರೆ ನಂಗೆ ಸಿಟ್ಟಿಲ್ಲ, ಅವಳಿಗೆ ಬೇರೆ ದಾರಿ ಎಲ್ಲಿತ್ತು. ನನ್ನ ಸಿಟ್ಟು ಭಾನುವಾರ ಭಾನುವಾರ ಕಾರು ಹತ್ತಿ ಮಂಗಳೂರು ಮಾಲಿಗೆ ಹೋಗಿ, ಪುಸ್ತಕದಂಗಡಿ ಎದುರಿಂದಲೇ ಹಾದು ಬಂದು, ರಾತ್ರಿ "ಮಾಷ್ಟ್ರೇ ಪಿಡಿಎಫ್" ಅಂತ ಮೆಸೇಜ್ ಹಾಕುವವ್ರ ಮೇಲೆ.

ಇನ್ನೂ ಪ್ರತಿಗಳು ಉಂಟು. 150 ರೂಪಾಯಿ, ಗೂಗಲ್ ಪೇ ಆಗ್ತದೆ, ಬದಿಯಡ್ಕ ಬಸ್ ಸ್ಟ್ಯಾಂಡಿಗೆ ಬರುವವ್ರಾದ್ರೆ ನಾನೇ ತಂದು ಕೊಡ್ತೇನೆ.